ಮಳೆ ಬರೂದ್ರೊಳಗೆ

ಏಪ್ರಿಲ್ 10ಕ್ಕೆ ಶಾಲೆಗಳಲ್ಲಿ ಫಲಿತಾಂಶ ಓದಿ ಮುಗಿಯುತ್ತದೆ. ಮರುದಿನದಿಂದ ಅಂಕೋಲೆ, ಕಾರವಾರದ ಮನೆಗಳಲ್ಲಿ ಊಟದ ಪಂಕ್ತಿ ಉದ್ದವಾಗತೊಡಗುತ್ತದೆ. ಬೆಂಗಳೂರಿನಿಂದ ರಾತ್ರಿಯೆಲ್ಲ ಓಡಿದ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಕಾರವಾರದ ಶಿರವಾಡ ನಿಲ್ದಾಣದಲ್ಲಿ ನಿದ್ದೆಗಣ್ಣಿನ ಮಕ್ಕಳನ್ನು ಇಳಿಸುತ್ತದೆ. ಮುಂಬಯಿಯ ಮೊಮ್ಮಕ್ಕಳು ಮತ್ಸ್ಯಗಂಧಾ ಹಿಡಿದು ಬರುತ್ತಾರೆ. 1956ರವರೆಗೆ ಈ ಜಿಲ್ಲೆ ಇದ್ದುದು ಮುಂಬಯಿ ರಾಜ್ಯದಲ್ಲಿ. ನೌಕರಿ ಹುಡುಕಿ ಹೊರಟವರು ಹತ್ತುತ್ತಿದ್ದುದು ಮುಂಬಯಿಯ ಆಗಬೋಟು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಆ ಹಳೆಯ ನಂಟಿಗೆ ಹಳಿ ಬಿತ್ತು. ಹೀಗೆ ಊರು ಬಿಟ್ಟವರೆಲ್ಲ ಒಟ್ಟಿಗೆ ಊರಿನಲ್ಲಿ ಸಿಗುವ ಕಾಲ ಬೇಸಿಗೆ ರಜೆಯೊಂದೇ. ಮದುವೆ, ಗೃಹಪ್ರವೇಶ, ಜಾಗದ ಪಾಲು, ದೇವರ ಹರಕೆ, ಮನೆಯ ಹಂಚು ಕೈಯಾಡಿಸುವುದು, ಎಲ್ಲವೂ ಈ ಏಳು ವಾರಗಳೊಳಗೆ ಆಗಬೇಕು. ಯಾರ ಮನೆಯ ಜಗಲಿಯಲ್ಲಿ ಕೂತರೂ ಕಿವಿಗೆ ಬೀಳುವ ಮಾತು ಒಂದೇ: ‘ಮಳೆ ಬರೂದ್ರೊಳಗೆ.’

ನಾನು ಘಟ್ಟದ ಮೇಲಿನವನು. 2025ರ ಮೇ ತಿಂಗಳ ಮೊದಲ ವಾರ ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಹಾಯ್ದು ಅರಬೈಲು ಘಟ್ಟ ಇಳಿದೆ. ಅಕ್ಕನನ್ನು ಅಂಕೋಲೆಗೆ ಕೊಟ್ಟಿದೆ, ಬಾವನ ಅಣ್ಣನ ಸಂಸಾರ ಕಾರವಾರದ ಕೋಡಿಬಾಗದಲ್ಲಿದೆ. ಹುಬ್ಬಳ್ಳಿಯ ಒಣ ಬಿಸಿಲಿಗೆ ಆರಿಹೋಗುತ್ತಿದ್ದ ಬೆವರು ಘಟ್ಟದ ಕೊನೆಯ ತಿರುವಿನಲ್ಲಿ ಮತ್ತೆ ಒಸರಲು ಸುರುವಾಯಿತು. ಅದು ಆಮೇಲೆ ಆರಲೇ ಇಲ್ಲ. ಮಾಸ್ತಿಕಟ್ಟೆಯ ಆಸುಪಾಸಿನಲ್ಲಿ ಬಸ್ಸಿನ ಎರಡೂ ಬದಿ ಕಾಡು. ಹೊನ್ನಳ್ಳಿಯ ತುಳಸಿ ಗೌಡರು ದಶಕಗಟ್ಟಲೆ ದುಡಿದದ್ದು ಈ ಭಾಗದ ಅರಣ್ಯ ಇಲಾಖೆಯ ನರ್ಸರಿಯಲ್ಲಿ. ಶಾಲೆಯ ಮೆಟ್ಟಿಲು ಹತ್ತದ ಆ ಹಾಲಕ್ಕಿ ಅಜ್ಜಿಗೆ ಯಾವ ಮರದ ಬೀಜ ಯಾವಾಗ ಬಲಿಯುತ್ತದೆ, ಯಾವ ತಾಯಿಮರದಿಂದ ಆರಿಸಿದರೆ ಸಸಿ ಗಟ್ಟಿಯಾಗುತ್ತದೆ ಎಂಬುದೆಲ್ಲ ಗೊತ್ತಿತ್ತು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು. 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅದು ಅವರಿಲ್ಲದ ಮೊದಲ ಬೇಸಿಗೆ. ನೆಡುವ ಕೆಲಸ ಜೂನ್‌ನದ್ದಾದರೂ ಬೀಜ ಕೂಡಿಡುವುದು, ಸಸಿಗೆ ನೀರುಣಿಸುವುದು ಬೇಸಿಗೆಯ ಪಾಡು. ಕಾಡಿಗೂ ಈ ತಿಂಗಳುಗಳಲ್ಲಿ ರಜೆಯಿಲ್ಲ ಎಂಬುದು ಬಸ್ಸಿನಲ್ಲಿ ಕೂತಾಗಲೇ ತಿಳಿಯಿತು.

ಅಂಕೋಲೆಯಲ್ಲಿ ಇಳಿದು ಅಕ್ಕನ ಮನೆ ಸೇರುವಷ್ಟರಲ್ಲಿ, ಕಾಲು ತೊಳೆಯಲು ನೀರು ಬರುವ ಮೊದಲೇ, ಸುದ್ದಿ ಬಂತು. ಮೇ 2ಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿತ್ತು. ದಕ್ಷಿಣ ಕನ್ನಡ, ಉಡುಪಿಗಳ ಬೆನ್ನಿಗೆ ಉತ್ತರ ಕನ್ನಡ ರಾಜ್ಯಕ್ಕೆ ಮೂರನೆಯದು. ಆದರೆ ಕೇರಿಗೆ ಜಿಲ್ಲೆಯ ಸ್ಥಾನ ಮುಖ್ಯವಲ್ಲ. ಹಿಂದಿನ ಮನೆಯ ಹುಡುಗಿಗೆ ಎಷ್ಟು, ಮುಂದಿನ ಮನೆಯ ಹುಡುಗ ಗಣಿತದಲ್ಲಿ ಹೇಗೆ ಪಾಸಾದ, ಯಾವ ಅಕ್ಕೋರು ಯಾರ ಮನೆಗೆ ಪೇಡೆ ತಿನ್ನಲು ಹೋದರು, ಇವು ಮುಖ್ಯ. ಅದರ ಹಿಂದೆಯೇ ಕೇಣಿಯ ಸುದ್ದಿ: ಅಲ್ಲಿ ಖಾಸಗಿ ಬಂದರು ಬರುತ್ತದಂತೆ, ಮೀನುಗಾರರು ಬೇಡವೆಂದು ಕೂತಿದ್ದಾರೆ. ಅಲಗೇರಿಯ ಸುದ್ದಿ: ವಿಮಾನ ನಿಲ್ದಾಣಕ್ಕೆ ಜಾಗ ಹೋದವರ ಪರಿಹಾರದ ಲೆಕ್ಕ. ಅದೇ ವಾರ ಭಾರತ–ಪಾಕಿಸ್ತಾನದ ನಡುವೆ ಕ್ಷಿಪಣಿ ಹಾರಾಡಿದವು; ಕೇಂದ್ರ ಸರಕಾರ ಅಣಕು ಕಾರ್ಯಾಚರಣೆಗೆ ಗುರುತಿಸಿದ ಊರುಗಳಲ್ಲಿ ಕಾರವಾರದ ಹೆಸರೂ ಇತ್ತು. ನೌಕಾನೆಲೆ ಪಕ್ಕದಲ್ಲೇ ಇರುವಾಗ ಯುದ್ಧವೂ ಕೇರಿಯ ಸುದ್ದಿಯೇ. ಇಷ್ಟೆಲ್ಲ ಹೇಳಿ ಮುಗಿಸಿದ ನೆರೆಮನೆಯ ಅತ್ತೆ ಏಳುತ್ತ ಕೇಳಿದ್ದು: ‘ಇಶಾಡು ತಿಂದ್ರೋ ಇಲ್ವೋ?’

ಅಂಕೋಲೆಯ ಮೇ ತಿಂಗಳಲ್ಲಿ ಉಳಿದ ಪ್ರಶ್ನೆಗಳೆಲ್ಲ ಇದರ ನಂತರ. ಬೆಳಿಗ್ಗೆ ಪೇಟೆಗೆ ಹೋದರೆ ರಸ್ತೆಯ ಅಂಚಿನುದ್ದಕ್ಕೂ ಹೆಂಗಸರು ಬುಟ್ಟಿ ಇಟ್ಟು ಕೂತಿರುತ್ತಾರೆ. ಅವರಲ್ಲಿ ಹಲವರು ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಿಗರು. ಬುಟ್ಟಿಯಲ್ಲಿ ಹುಲ್ಲಿನ ಹಾಸು, ಹಾಸಿನ ಮೇಲೆ ಕರಿ ಇಶಾಡು ಮಾವಿನಹಣ್ಣು. ಹೆಸರಿನಲ್ಲಿ ಕರಿ ಇದ್ದರೂ ಹಣ್ಣು ಕಪ್ಪಲ್ಲ. ಬಲಿತ ಹಸಿರಿನ ಮೇಲೆ ಮಬ್ಬು ಹೊದ್ದ ಹಳದಿ. ಇದಕ್ಕೊಂದು ದಾಯಾದಿಯುಂಟು, ಬಿಳಿ ಇಶಾಡು. ಅದರ ಸಿಪ್ಪೆ ದಪ್ಪ, ತಿರುಳು ಕಡಿಮೆ, ಸಿಹಿಯೂ ಕಡಿಮೆ. ಕರಿಯದರ ಸಿಪ್ಪೆ ಎಷ್ಟು ತೆಳುವೆಂದರೆ ಹೆಬ್ಬೆರಳು ಊರಿದರೆ ಒಳಗಿನ ರಸ ಮೇಲೆ ಬರುತ್ತದೆ. ಅದೇ ಅದರ ಗುಣ, ಅದೇ ಅದರ ಶಾಪ. ಹಣ್ಣಾದ ಮೇಲೆ ನಾಲ್ಕೈದು ದಿನಕ್ಕಿಂತ ಹೆಚ್ಚು ತಾಳದು, ದೂರದ ಪೇಟೆಗೆ ಕಳಿಸಲಾಗದು. 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿ ದೇಶಕ್ಕೆಲ್ಲ ಹೆಸರು ಗೊತ್ತಾಯಿತು. ಹೆಸರು ದೂರ ಹೋಯಿತು, ಹಣ್ಣು ಇಲ್ಲೇ ಉಳಿಯಿತು. ತಿನ್ನಬೇಕಾದರೆ ನಾವೇ ಬರಬೇಕು.

ಡಜನ್ ಲೆಕ್ಕದ ಚೌಕಾಸಿ ನಡೆದಿತ್ತು. ಅಜ್ಜಿಯೊಬ್ಬಳು ಒಂದು ಹಣ್ಣನ್ನು ನನ್ನ ಮೂಗಿಗೇ ಹಿಡಿದಳು.

‘ಮೂಸಿ ನೋಡು ತಮಾ. ರೇಟು ಆಮೇಲೆ ಕೇಳು.’

ಮೂಸಿದ ಮೇಲೆ ರೇಟು ಕೇಳುವ ಧೈರ್ಯ ಬರಲಿಲ್ಲ. ಮನೆಗೆ ತಂದ ಹಣ್ಣನ್ನು ಅಕ್ಕ ಕತ್ತಿಗೆ ಕೊಡಲಿಲ್ಲ. ನೀರಲ್ಲಿ ನೆನೆಸಿಟ್ಟು, ಮಕ್ಕಳನ್ನು ಹಿತ್ತಿಲ ಕಲ್ಲಿನ ಮೇಲೆ ಸಾಲಾಗಿ ಕೂರಿಸಿ, ಅಂಗಿ ಬಿಚ್ಚಿಸಿ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟಳು. ತೊಟ್ಟಿನ ಜಾಗದಲ್ಲಿ ಹಲ್ಲಿನಿಂದ ಚೂರು ಸಿಪ್ಪೆ ಕಿತ್ತು, ಮೊದಲ ಹನಿ ಸೊನೆಯನ್ನು ಹಿಂಡಿ ಚೆಲ್ಲಬೇಕು. ಇಲ್ಲದಿದ್ದರೆ ತುಟಿ ಸುಡುತ್ತದೆ. ಆಮೇಲೆ ಅಂಗೈಯಲ್ಲಿ ಉರುಳಿಸಿ ಉರುಳಿಸಿ ತಿರುಳನ್ನು ಸಡಿಲ ಮಾಡಿ ಹೀರಬೇಕು. ರಸ ಮೊಳಕೈವರೆಗೆ ಇಳಿಯುತ್ತದೆ, ಇರುವೆಗಳು ಸಾಲುಗಟ್ಟುತ್ತವೆ. ಗೊರಟಿನ ಸುತ್ತ ಉಳಿದದ್ದು ಮಧ್ಯಾಹ್ನದ ಸಾಸಿವೆಗೆ ಹೋಯಿತು: ತೆಂಗಿನಕಾಯಿ, ಸಾಸಿವೆ, ಒಣಮೆಣಸು ಅರೆದು ಕಲಸಿ, ಬೆಲ್ಲದ ಚೂರು ಹಾಕಿ. ಅನ್ನದ ಜೊತೆ ಮಾವಿನಹಣ್ಣನ್ನು ಕಲಸಿ ಉಣ್ಣುವುದನ್ನು ಹುಬ್ಬಳ್ಳಿಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಸಂಜೆ ಚಹದಂಗಡಿಯಲ್ಲಿ ‘ಕರಾವಳಿ ಮುಂಜಾವು’ ಪತ್ರಿಕೆ ಪುಟಪುಟವಾಗಿ ಬಿಡಿಸಿಕೊಂಡು ನಾಲ್ಕು ಮಂದಿಯ ಕೈಯಲ್ಲಿತ್ತು. ಸಣ್ಣ ಊರಿನ ಸಣ್ಣ ಸುದ್ದಿಯನ್ನೂ ಅಚ್ಚಿನಲ್ಲಿ ನೋಡಬೇಕೆಂಬ ಆಸೆ ಇಲ್ಲಿ ಹಳೆಯದು. ದಿನಕರ ದೇಸಾಯಿಯವರು ‘ಜನಸೇವಕ’ ವಾರಪತ್ರಿಕೆ ನಡೆಸಿದ ನೆಲ ಇದು. ನಾಲ್ಕು ಸಾಲಿನ ಚೌಪದಿಯಿಂದ ನಾಡಿಗೆಲ್ಲ ಪರಿಚಿತರಾದ ಅವರು ಈ ಜಿಲ್ಲೆಯ ಹಳ್ಳಿಗರಿಗೆ ರೈತ ಚಳವಳಿಯ ಮುಂದಾಳು, ಶಾಲೆ ಕಟ್ಟಿಸಿದವರು. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟ್ ಹೈಸ್ಕೂಲಿಲ್ಲದ ಊರುಗಳಿಗೆ ಹೈಸ್ಕೂಲು ಕೊಟ್ಟಿತು. 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂತು. ಚಹ ಕುಡಿಯುತ್ತಿದ್ದ ನಿವೃತ್ತ ಮಾಸ್ತರರೊಬ್ಬರು ನಕ್ಕರು: ‘ಶಾಲೆ ಇದ್ರೆ ತಾನೇ ರಜೆ? ಅದಕ್ಕೂ ಮೊದಲು ಇಲ್ಲಿ ಮಕ್ಕಳಿಗೆ ವರ್ಷವಿಡೀ ರಜೆಯೇ. ದನ ಕಾಯೂದು, ಗದ್ದೆಗೆ ಹೋಗೂದು.’ ಈಗ ಜೈಹಿಂದ್ ಮೈದಾನದಲ್ಲಿ ಟೆನ್ನಿಸ್ ಬಾಲಿನ ಕ್ರಿಕೆಟ್ ಆಡುತ್ತ, ಸಿಕ್ಸರ್ ಎತ್ತಿದವನನ್ನು ಹೊತ್ತು ಕುಣಿಯುವ ಹುಡುಗರ ಬೊಬ್ಬೆ ಕೇಳುವಾಗ ಆ ಮಾತಿಗೆ ಬೇರೆಯೇ ತೂಕ.

ಮಾಸ್ತರರು ಮರುದಿನ ಮಕ್ಕಳನ್ನೂ ನನ್ನನ್ನೂ ಪೂಜಗೇರಿ ಹಳ್ಳದ ಕಡೆ ಕರೆದೊಯ್ದರು. ಕಡಲು ಏರಿದಾಗ ಉಪ್ಪುನೀರು ಒಳಗೆ ಬರುವ, ಇಳಿದಾಗ ಕೆಸರು ಬಿಡುವ ಹಳ್ಳ. ಹುಡುಗರು ಏಡಿಯ ಬಿಲಕ್ಕೆ ಕಡ್ಡಿ ಹಾಕುತ್ತಿದ್ದರು. 1930ರ ಏಪ್ರಿಲ್ 13ರಂದು ಇದೇ ನೀರಿನಿಂದ ಉಪ್ಪು ತೆಗೆದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆ ಉಪ್ಪಿನ ಕಾಯ್ದೆಯನ್ನು ಮುರಿಯಿತು. ಮೊದಲ ಪೊಟ್ಟಣ ಹರಾಜಿನಲ್ಲಿ 30 ರೂಪಾಯಿಗೆ ಹೋಯಿತು. ದಾಂಡಿಯಲ್ಲಿ ಗಾಂಧೀಜಿ ಉಪ್ಪು ಹೆಕ್ಕಿದ್ದು ಏಪ್ರಿಲ್ 6ಕ್ಕೆ; ಅಂಕೋಲೆ ತಡ ಮಾಡಿದ್ದು ಒಂದೇ ವಾರ. ಮುಂದೆ ಕರನಿರಾಕರಣೆಗೆ ಇಳಿದು ಹೊಲಮನೆ ಜಪ್ತಿಯಾದರೂ ಬಗ್ಗದ ಈ ತಾಲ್ಲೂಕಿಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ನಿಂತಿತು. ಉಪ್ಪು ಹುಟ್ಟುವುದೂ ಬಿಸಿಲು ಇರುವ ತನಕ. ಚಳವಳಿ ಜುಲೈಯಲ್ಲಿ ಹೊರಟಿದ್ದರೆ ಇಲ್ಲಿ ಉಪ್ಪೇ ಇರುತ್ತಿರಲಿಲ್ಲ ಎಂದು ಮಾಸ್ತರರು ಹೇಳಿದಾಗ, ಮಕ್ಕಳ ಪೈಕಿ ಒಬ್ಬ ಹಳ್ಳದ ನೀರನ್ನು ಬೊಗಸೆಯಲ್ಲಿ ಎತ್ತಿ ನಾಲಗೆಗೆ ತಾಗಿಸಿ, ಮುಖ ಹಿಂಡಿ, ಹೌದೆಂದು ತಲೆಯಾಡಿಸಿದ.

ವೈಶಾಖದ ಹುಣ್ಣಿಮೆಯ ಸುಮಾರಿಗೆ ಅಂಕೋಲೆಯ ಬಂಡಿಹಬ್ಬ. ಗ್ರಾಮದೇವತೆ ಶಾಂತಾದುರ್ಗೆಯನ್ನು ಇಲ್ಲಿಯವರು ಭೂಮ್ತಾಯಿ ಎಂದು ಕರೆಯುತ್ತಾರೆ. ಬೇಸಿಗೆಯುದ್ದಕ್ಕೂ ಈ ಸೀಮೆಯಲ್ಲಿ ಒಂದೊಂದು ಊರಿಗೆ ಒಂದೊಂದು ದಿನ ಬಂಡಿಹಬ್ಬ ನಡೆಯುತ್ತದೆ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರಲೇಬೇಕಾದ ಹಬ್ಬವಿದು. ಅಕ್ಕನ ಅತ್ತೆ ಬೆಳಿಗ್ಗೆಯಿಂದಲೇ ಅಬ್ಬಲಿಗೆ ದಂಡೆ ಕಟ್ಟುತ್ತಿದ್ದರು. ಹೂ ಹೇರಿದ ಕಳಸವನ್ನು ಪೂಜಾರಿ ಗುನಗ ಹೊತ್ತು ಬರುವಾಗ ಡೋಲಿನ ಸದ್ದಿಗೆ ಓಣಿ ತುಂಬಿತು. ಮುಂಬಯಿಯಿಂದ ಬಂದ, ಕನ್ನಡ ಅಷ್ಟಕ್ಕಷ್ಟೆ ಇದ್ದ ಹುಡುಗಿಯೊಬ್ಬಳು ಮೊಬೈಲು ಎತ್ತಿ ಹಿಡಿದವಳು ಕಳಸ ಹತ್ತಿರಾದಂತೆ ತಾನಾಗಿಯೇ ಅದನ್ನು ಕೆಳಗಿಳಿಸಿ ಕೈ ಮುಗಿದಳು. ಜಾತ್ರೆ ಪೇಟೆಯಲ್ಲಿ ಖಾಜೆ, ಬೆಂಡು–ಬತ್ತಾಸು, ಬಳೆ, ಪೀಪಿ. ಜಾತ್ರೆ, ಹಬ್ಬದ ರಾತ್ರಿಗಳಲ್ಲಿ ಊರ ಹುಡುಗರೇ ಬಣ್ಣ ಹಚ್ಚಿ ಆಡುವ ಸಾಮಾಜಿಕ ನಾಟಕ ಇಲ್ಲಿಯ ಹಳೆಯ ಚಟ. ಹಗಲು ದೋಣಿ ಎಳೆಯುವವನು ರಾತ್ರಿ ಜಮೀನುದಾರನಾಗಿ ಮೀಸೆ ತಿರುವುತ್ತಾನೆ. ಅವನು ಮಾತು ಮರೆತರೆ ಪ್ರೇಕ್ಷಕರಲ್ಲಿ ಯಾರೋ ಒಬ್ಬರು ಕೂಗಿ ಎತ್ತಿಕೊಡುತ್ತಾರೆ. ತಾಲೀಮು ನೋಡಿ ನೋಡಿ ಕೇರಿಗೆಲ್ಲ ಮಾತು ಬಾಯಿಪಾಠ.

ಆ ವರ್ಷ ಹಬ್ಬದ ಮಾತಿನ ನಡುವೆ ಬಡಿಗೇರಿಯ ಸುಕ್ರಿ ಬೊಮ್ಮಗೌಡರ ಹೆಸರು ಮತ್ತೆ ಮತ್ತೆ ಬಂತು. ಅಕ್ಷರ ಓದಲು ಬಾರದಿದ್ದರೂ ಹಾಲಕ್ಕಿಗಳ ಸಾವಿರಾರು ಹಾಡು ನೆನಪಿನಲ್ಲಿಟ್ಟವರು, ಸಾರಾಯಿ ವಿರುದ್ಧ ಊರ ಹೆಂಗಸರನ್ನು ಕಟ್ಟಿ ನಿಲ್ಲಿಸಿದವರು, 2017ರಲ್ಲಿ ಪದ್ಮಶ್ರೀ ಪಡೆದವರು. 2025ರ ಫೆಬ್ರವರಿ 13ರಂದು ಹೋದರು. ಎರಡೇ ತಿಂಗಳ ಅಂತರದಲ್ಲಿ ಒಂದೇ ತಾಲ್ಲೂಕು, ಒಂದೇ ಸಮುದಾಯ ಇಬ್ಬರು ಅಜ್ಜಿಯರನ್ನು ಕಳೆದುಕೊಂಡಿತ್ತು. ಒಬ್ಬರಿಗೆ ಗಿಡ ಗೊತ್ತಿತ್ತು, ಇನ್ನೊಬ್ಬರಿಗೆ ಹಾಡು.

ಬಾವ ಒಂದು ಮಧ್ಯಾಹ್ನ ಸ್ಕೂಟರಿನಲ್ಲಿ ಶಿರೂರಿನ ಕಡೆ ಹೊರಟ. ಹೆದ್ದಾರಿಯ ಒಂದು ಬದಿ ಕೆಂಪು ಮಣ್ಣಿನ ಗುಡ್ಡ ಇನ್ನೂ ಬರಿ ಮೈಯಲ್ಲಿ ನಿಂತಿದೆ, ಇನ್ನೊಂದು ಬದಿ ಗಂಗಾವಳಿ ತಣ್ಣಗೆ ಹರಿಯುತ್ತಿದ್ದಾಳೆ. 2024ರ ಜುಲೈ 16ರ ಬೆಳಿಗ್ಗೆ ಆ ಗುಡ್ಡ ಜಾರಿ ರಸ್ತೆಯನ್ನು, ರಸ್ತೆಯಂಚಿನ ಚಹದಂಗಡಿಯನ್ನು, ನಿಂತ ಲಾರಿಗಳನ್ನು ನದಿಗೆ ತಳ್ಳಿತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳ ಮೇಲೂ ಬಿತ್ತು. 11 ಜೀವ ಹೋಯಿತು. ಕೇರಳದ ಚಾಲಕನೊಬ್ಬನ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಬಾವ ಸ್ಕೂಟರ್ ನಿಲ್ಲಿಸಲಿಲ್ಲ. ನಿಧಾನ ಮಾಡಿದ ಅಷ್ಟೆ. ‘ಮೊದಲು ಮಳೆ ಅಂದ್ರೆ ಗದ್ದೆ ನೆನಪಾಗ್ತಿತ್ತು. ಈಗ ಈ ಗುಡ್ಡ’ ಎಂದ. ‘ಮಳೆ ಬರೂದ್ರೊಳಗೆ’ ಎಂಬ ಮಾತಿನಲ್ಲಿ ಆತುರದ ಜೊತೆ ಇನ್ನೊಂದು ಸಣ್ಣ ನಡುಕವೂ ಸೇರಿಕೊಂಡಿರುವುದು ಅಲ್ಲಿಯ ತನಕ ನನ್ನ ಕಿವಿಗೆ ಬಿದ್ದಿರಲಿಲ್ಲ.

ಕಾರವಾರಕ್ಕೆ ಹೊರಟಾಗ ಮಕ್ಕಳೆಲ್ಲ ಬಸ್ಸಿನ ಎಡಗಡೆಯ ಕಿಟಕಿಗೆ ಜಗಳವಾಡಿದರು. ಅವರ್ಸೆ, ಹಾರವಾಡ, ಅಮದಳ್ಳಿ ಕಳೆದು ಅರ್ಗಾ ಬರುತ್ತಿದ್ದಂತೆ ಎಡಗಡೆ ಗೋಡೆ ಸುರುವಾಗುತ್ತದೆ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟ ಸೀಬರ್ಡ್ ಯೋಜನೆ, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ನೌಕಾನೆಲೆಯಾಯಿತು. ಗೋಡೆಯ ಆಚೆ ಊರುಗಳಿದ್ದವು, ತೆಂಗಿನ ತೋಟ, ದೋಣಿ ಎಳೆಯುವ ಮರಳುದಂಡೆ ಇದ್ದವು. ಸಾವಿರಾರು ಕುಟುಂಬಗಳು ಎದ್ದು ಬಂದು ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದವು. ನಮ್ಮ ಹಿಂದಿನ ಸೀಟಿನಲ್ಲಿದ್ದ ಹೆಂಗಸು ಮೊಮ್ಮಗಳಿಗೆ ಗೋಡೆಯತ್ತ ಬೆರಳು ತೋರಿಸಿ ‘ನಿನ್ನಮ್ಮನ ಅಜ್ಜಿ ಮನೆ ಅಲ್ಲಿತ್ತು’ ಎಂದಳು. ‘ಎಲ್ಲಿ?’ ಎಂದು ಮಗು ಕೇಳಿತು. ‘ಆ ಕಂಬದ ಹತ್ರ’ ಎನ್ನುವಷ್ಟರಲ್ಲಿ ಕಂಬ ಹಿಂದೆ ಹೋಗಿತ್ತು. ರಜೆಯೆಂದರೆ ಅಜ್ಜಿಮನೆ ಎಂದು ನಾವೆಲ್ಲ ಸಲೀಸಾಗಿ ಬರೆಯುತ್ತೇವೆ. ಬೇಸಿಗೆಗೆ ಹೋಗಲು ಆ ಮನೆಯೇ ಉಳಿಯದವರೂ ಈ ಬಸ್ಸಿನಲ್ಲಿದ್ದಾರೆ.

ಇದೇ ದಡದ ಮುಂದೆ ಕಡಲಲ್ಲಿ ಅಂಜದೀವ ದ್ವೀಪವಿದೆ. ದಡ ಕರ್ನಾಟಕದ್ದು, ದ್ವೀಪ ಗೋವೆಯದ್ದು: 1961ರ ಡಿಸೆಂಬರ್‌ವರೆಗೆ ಅಲ್ಲಿ ಪೋರ್ಚುಗೀಸರಿದ್ದರು. ಬಿಣಗಾ ದಾಟಿ ಗುಡ್ಡದ ಸುರಂಗಕ್ಕೆ ಬಸ್ಸು ನುಗ್ಗಿದಾಗ ಮಕ್ಕಳು ಒಂದೇ ಉಸಿರಿನಲ್ಲಿ ಬೊಬ್ಬೆ ಹೊಡೆದರು. ಸುರಂಗದ ಬಾಯಿ ತೆರೆದದ್ದೇ ಕಣ್ಣ ತುಂಬ ಕಾರವಾರದ ಕೊಲ್ಲಿ. ಘಟ್ಟದ ಮೇಲೆ ಹುಟ್ಟಿದವರಿಗೆ ಮಾತ್ರ ತಿಳಿಯುವ ಸುಖವಿದು: ಎಷ್ಟು ಸಲ ನೋಡಿದ್ದರೂ ಮೊದಲ ನೋಟಕ್ಕೆ ಎದೆ ಧಸಕ್ಕೆನ್ನುತ್ತದೆ.

ಕೋಡಿಬಾಗದಲ್ಲಿ ಕನ್ನಡ ಕೊಂಕಣಿಗೆ ದಾರಿ ಬಿಡುತ್ತದೆ. ಗೇಟು ತೆರೆಯುವಷ್ಟರಲ್ಲಿ ಪಕ್ಕದ ಕಂಪೌಂಡಿನಿಂದ ಒಂದು ದನಿ: ‘ಕೆದನಾ ಆಯ್ಲೆ?’ ಯಾವಾಗ ಬಂದಿರಿ ಎಂದು. ಉತ್ತರಕ್ಕೆ ಕಾಯದೆ ಇನ್ನೊಂದು: ಯಾವಾಗ ಹೋಗುವುದು? ಎಲ್ಲಿ ಇಳಿದಿದ್ದೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ, ಅದು ಅವರಿಗೆ ಆಗಲೇ ಗೊತ್ತಿರುತ್ತದೆ. ಆ ಕೇರಿಯ ಮಕ್ಕಳ ಬಾಯಲ್ಲಿ ಆಮೆಯದೇ ಕತೆ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಈ ದಂಡೆಗೆ ಬಂದು ಮೊಟ್ಟೆಯಿಟ್ಟು ಹೋಗುತ್ತವೆ. ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾಯುತ್ತಾರೆ. ಸುಮಾರು 50 ದಿನಕ್ಕೆ ಮರಿ ಹೊರಬರುತ್ತದೆ. ಏಪ್ರಿಲ್‌ನಲ್ಲಿ ಮರಿಗಳನ್ನು ಕಡಲಿಗೆ ಬಿಡುವಾಗ ತಾವಿದ್ದೆವೆಂದು ಹೇಳುವ ಹುಡುಗರು, ಮರಿಯ ಅಳತೆಯನ್ನು ಅಂಗೈ ಮೇಲೆ ತೋರಿಸಿ ತೋರಿಸಿ ಅದನ್ನು ದಿನದಿಂದ ದಿನಕ್ಕೆ ಬೆಳೆಸುತ್ತಿದ್ದರು.

ಬೆಳಗಿನ ಜಾವ ಕಡಲಂಚಿನಲ್ಲಿ ಏಂಡಿ ಬಲೆ ಎಳೆಯುವುದಿತ್ತು. ದೋಣಿಯೊಂದು ದಡದಲ್ಲಿ ಹಗ್ಗದ ಒಂದು ತುದಿ ಬಿಟ್ಟು, ಬಲೆಯನ್ನು ಅರ್ಧಚಂದ್ರದ ಹಾಗೆ ಕಡಲಿಗೆ ಇಳಿಸುತ್ತ ಸುತ್ತಿಬಂದು, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತಂದುಕೊಟ್ಟಿತು. ಇನ್ನು ಎಲ್ಲ ಕೆಲಸ ಹಿಮ್ಮಡಿಯದು. ಎರಡು ಸಾಲು ಜನ ಹಗ್ಗಕ್ಕೆ ಮೈ ಕೊಟ್ಟು ಹಿಂದಕ್ಕೆ ನಡೆಯುತ್ತಾರೆ. ಕೊನೆಯವನು ಹಗ್ಗ ಬಿಟ್ಟು ಓಡಿ ಮುಂದೆ ಬಂದು ನೀರಿನಂಚಿನಲ್ಲಿ ಮತ್ತೆ ಹಿಡಿಯುತ್ತಾನೆ. ರಜೆಯ ಮಕ್ಕಳಿಗೆ ಸಾಲಿನಲ್ಲಿ ಜಾಗವುಂಟು. ನನಗೂ ಸಿಕ್ಕಿತು. ಉಪ್ಪು ಕುಡಿದ ಹಗ್ಗ ಅಂಗೈ ಸುಲಿಯುತ್ತಿತ್ತು. ಸೂರ್ಯ ಸಾಕಷ್ಟು ಮೇಲೇರಿದ ಮೇಲೆ ಬಲೆಯ ಹೊಟ್ಟೆ ದಡ ತಲುಪಿತು. ಕಾಗೆ, ಹದ್ದು, ಬುಟ್ಟಿ ಹಿಡಿದ ಹೆಂಗಸರು ಒಂದೇ ಹೊತ್ತಿಗೆ ಹಾಜರು.

ಬೇಸಿಗೆಯ ಬಲೆ, ಮೀನು ಕಡಿಮೆ. ಒಂದಿಷ್ಟು ತಾರ್ಲೆ, ಬೆರಳೆಣಿಕೆಯ ಬಾಂಗಡೆ, ಶೆಟ್ಲಿ, ತಿಳಿ ಲೋಳೆಯ ಕಡಲಂಬಲಿ. ಅವುಗಳ ನಡುವೆ ಎಲೆಯಷ್ಟು ಚಪ್ಪಟೆಯ ಒಂದು ಲೇಪೆ. ಎತ್ತಿ ನೋಡಿದೆ: ಒಂದು ಮಗ್ಗುಲು ಮರಳ ಬಣ್ಣ, ಇನ್ನೊಂದು ಬಿಳಿ, ಎರಡೂ ಕಣ್ಣು ಒಂದೇ ಮಗ್ಗುಲಿಗೆ. ಮರಿಯಾಗಿದ್ದಾಗ ಎಲ್ಲ ಮೀನುಗಳಂತೆ ಅದಕ್ಕೂ ಕಣ್ಣು ಎರಡು ಕಡೆ ಇರುತ್ತದೆ. ಬೆಳೆಯುತ್ತ ಒಂದು ಕಣ್ಣು ತಲೆ ದಾಟಿ ಈಚೆ ಬರುತ್ತದೆ, ಮೀನು ಮರಳಿಗೆ ಮಗ್ಗುಲು ಕೊಟ್ಟು ಮಲಗಿ ಆಕಾಶ ನೋಡುತ್ತದೆ. ಪುಸ್ತಕದಲ್ಲಿ ಓದಿದ್ದೆ, ಅಂಗೈಯಲ್ಲಿ ಹಿಡಿದಾಗ ಅದು ಎರಡೂ ಕಣ್ಣಿನಿಂದ ನನ್ನನ್ನೇ ನೋಡುತ್ತಿತ್ತು. ಪಕ್ಕದ ಹುಡುಗ ಅಷ್ಟರಲ್ಲಿ ಚೆಂಡಿನಂತೆ ಉಬ್ಬಿದ ಮೀನೊಂದನ್ನು ಕಾಲಿನಿಂದ ನೀರಿಗೆ ನೂಕುತ್ತಿದ್ದ. ಪಾಲು ನಡೆಯಿತು: ಬಲೆಯವರಿಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು. ಮಕ್ಕಳಿಗೆ ಒಂದೊಂದು ಹಿಡಿ. ನನ್ನ ಪಾಲಿನ ತಾರ್ಲೆಯನ್ನು ಹಿಡಿದು ಮನೆಗೆ ನಡೆದಾಗ ದಾರಿಯಲ್ಲಿ ಸಿಕ್ಕವರೆಲ್ಲ ಅದನ್ನು ನೋಡಿ ಏನೋ ಹೇಳಿ ನಕ್ಕರು. ಕೊಂಕಣಿ ಬಾರದಿದ್ದುದು ಒಳ್ಳೆಯದೇ ಆಯಿತು.

ಸಂಜೆಯ ಕಾರವಾರ ಟಾಗೋರ್ ಕಡಲತೀರದಲ್ಲಿ ಸೇರುತ್ತದೆ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತವಾದ ಕ್ಷಿಪಣಿ ನೌಕೆ ಐಎನ್‌ಎಸ್ ಚಪಲ್ 2006ರಿಂದ ಇಲ್ಲಿ ಮರಳಿನ ಮೇಲೆ ನಿಂತಿದೆ. ಮಕ್ಕಳು ಅದರ ಕಿರಿದಾದ ಏಣಿ ಇಳಿದು ಒಳಗೆ ನಾವಿಕರ ಗೂಡುಗಳನ್ನು ನೋಡುತ್ತಾರೆ. ಪಕ್ಕದಲ್ಲೇ ರಷ್ಯದ ಟುಪೊಲೆವ್ 142, ನೌಕಾಪಡೆಗಾಗಿ ಕಡಲು ಕಾದು 2017ರಲ್ಲಿ ಕೆಲಸ ಮುಗಿಸಿದ ವಿಮಾನ. ಬಿಡಿಭಾಗಗಳಾಗಿ ಲಾರಿಯಲ್ಲಿ ಬಂದು ಇಲ್ಲಿ ಮತ್ತೆ ಜೋಡಣೆಯಾಯಿತು. ಅದರ ರೆಕ್ಕೆಯ ನೆರಳಿನಲ್ಲಿ ಕೂತವರು ಚುರುಮುರಿ ತಿನ್ನುತ್ತಿದ್ದರು.

ಈ ದಂಡೆಗೆ ಹೆಸರು ಕೊಟ್ಟವನೂ ನೆಂಟನಾಗಿ ಬಂದವನೇ. ಅಣ್ಣ ಸತ್ಯೇಂದ್ರನಾಥ ಟಾಗೋರ್, ಐಸಿಎಸ್ ಪಾಸಾದ ಮೊದಲ ಭಾರತೀಯ, 1880ರ ದಶಕದ ಆರಂಭದಲ್ಲಿ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 22ರ ಆಸುಪಾಸಿನ ತಮ್ಮ ರವೀಂದ್ರ ಅಣ್ಣನ ಮನೆಗೆ ಬಂದಿಳಿದ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲುಗಡೆ ಹೋಗಿ, ಒಕ್ಕಲಿಗನೊಬ್ಬನ ಗುಡಿಸಿದ ಅಂಗಳದಲ್ಲಿ ಉಂಡು, ತಡವಾಗಿ ಮರಳುವಾಗ ನದಿಮುಖದ ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು ಮುಂದೆ ಆತ್ಮಕತೆಯಲ್ಲಿ ನೆನೆದ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲಿಯೇ: ಜಗತ್ತನ್ನು ಬಿಟ್ಟೆನೆಂದುಕೊಂಡ ಸನ್ಯಾಸಿಯನ್ನು ಒಂದು ಅನಾಥ ಹುಡುಗಿಯ ಮಮತೆ ಮತ್ತೆ ಜಗತ್ತಿಗೆ ಎಳೆದುತರುವ ಕತೆ. ಅಣ್ಣನ ಮನೆಗೆ ರಜೆಗೆ ಬಂದ ಹುಡುಗ ಊರಿನ ಅಂಗಳದಲ್ಲಿ ಕೂತು ಉಂಡ ಮೇಲೆ ಇಂಥ ಕತೆ ಹೊಳೆದದ್ದರಲ್ಲಿ ನನಗೆ ಅಚ್ಚರಿ ಕಾಣಲಿಲ್ಲ. ಈ ಊರಿನಲ್ಲಿ ಬೇಕೆಂದರೂ ಸನ್ಯಾಸಿಯಾಗಿರಲು ಬಿಡುವುದಿಲ್ಲ. ಯಾರಾದರೊಬ್ಬರು ಬಂದು ಮೀನು ಬೇಕೆ ಎಂದು ಕೇಳಿಯೇ ಕೇಳುತ್ತಾರೆ.

ಕಾಳಿಯ ಉತ್ತರ ದಂಡೆಯಲ್ಲಿ ಸದಾಶಿವಗಡ. ಸೋದೆಯ ಅರಸರು ಕಟ್ಟಿದ ಕೋಟೆಗಿಂತ ಈಗ ಗುಡ್ಡದ ಮೇಲಿನ ದುರ್ಗೆಯ ಗುಡಿ, ಕೆಳಗಿನ ದರ್ಗಾ ಹೆಚ್ಚು ಜೀವಂತ. ಮೇಲಿಂದ ನೋಡಿದರೆ ನದಿ ಕಡಲಿಗೆ ಸೇರುವ ಗೆರೆ ಬಣ್ಣದಲ್ಲೇ ಕಾಣುತ್ತದೆ. ಆಚೆ ಕೂರ್ಮಗಡ, ಅದಕ್ಕೂ ಆಚೆ ದೇವಗಡದ ಮೇಲೆ 1864ರಿಂದ ನಿಂತ ದೀಪಸ್ತಂಭ. ಕೆಳಗೆ ಕಾಳಿಯ ಸೇತುವೆ, ಮೊದಲು ಎರಡಿದ್ದದ್ದು ಈಗ ಒಂದು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಾಗ ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕಿ ಬಂದ. ಆ ರಾತ್ರಿಯ ಸದ್ದನ್ನು ಕೋಡಿಬಾಗದಲ್ಲಿ ಯಾರು ಮೊದಲು ಕೇಳಿಸಿಕೊಂಡರು ಎಂಬ ವಿಷಯದಲ್ಲಿ ಇನ್ನೂ ಒಮ್ಮತವಿಲ್ಲ.

ಭಾನುವಾರದ ಸಂತೆಯಲ್ಲಿ ಬೇಸಿಗೆಯ ಗುಟ್ಟೆಲ್ಲ ಬಯಲು. ಘಟ್ಟದ ಮೇಲಿನ ವ್ಯಾಪಾರಿಗಳ ಮೆಣಸಿನಕಾಯಿ ರಾಶಿಯ ಪಕ್ಕ ಕುಮಟೆಯ ಸಿಹಿ ಈರುಳ್ಳಿ ಗೊಂಚಲು ಗೊಂಚಲಾಗಿ ತೂಗುತ್ತಿತ್ತು. ಹುಣಸೆ, ಮುರುಗಲು ಸಿಪ್ಪೆ, ಹಲಸಿನ ಹಪ್ಪಳ, ಗೇರುಬೀಜ, ದೊನ್ನೆಯಲ್ಲಿ ಕವಳಿ ಹಣ್ಣು. ತುಸು ಆಚೆ, ಮೂಗು ದಾರಿ ತೋರಿಸುವ ಕಡೆ, ಒಣಮೀನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್. ಮೀನು ಮೊಟ್ಟೆಯಿಡುವ ಕಾಲ, ಅಲೆಯೂ ದೊಡ್ಡದು. ಆ ಎರಡು ತಿಂಗಳ ಗಂಜಿಗೆ ಒಣ ಶೆಟ್ಲಿ, ಒಣ ಬಾಂಗಡೆ ಈಗಲೇ ಡಬ್ಬಿ ಸೇರಬೇಕು. ಬಾವನ ಅತ್ತಿಗೆ ಒಂದೊಂದು ಬಾಂಗಡೆಯನ್ನೂ ಬಗ್ಗಿಸಿ, ಟಕ್ಕೆಂದು ಸದ್ದು ಬಂದರೆ ಮಾತ್ರ ಚೀಲಕ್ಕೆ ಹಾಕುತ್ತಿದ್ದರು. ಬಗ್ಗಿದರೆ ಒಳಗೆ ನೀರಿದೆ, ಮಳೆಗಾಲದಲ್ಲಿ ಹುಳ ಬೀಳುತ್ತದೆ. ತಾಡಪಾಲು ಕೊಳ್ಳುವವರು, ಕೊಡೆ ರಿಪೇರಿಗೆ ಕೂತವರು, ಹೊಸ ಚಪ್ಪಲಿಗೆ ಅಳುವ ಮಕ್ಕಳು. ಬಿಸಿಲು ನೆತ್ತಿ ಸುಡುತ್ತಿದ್ದರೂ ಕೊಳ್ಳುವುದೆಲ್ಲ ಮಳೆಯ ಸಾಮಾನು.

ಆದರೆ ಮಳೆಗೆ ಆ ವರ್ಷ ಕ್ಯಾಲೆಂಡರ್ ಬೇಕಿರಲಿಲ್ಲ. ಜೂನ್ 1ರ ಹೊತ್ತಿಗೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಕಾಲಿಟ್ಟಿತು. 2009ರ ನಂತರ ಇಷ್ಟು ಬೇಗ ಬಂದದ್ದು ಅದೇ ಮೊದಲು. ಅದರ ಬೆನ್ನಿಗೇ ನಮ್ಮ ಕರಾವಳಿ. ಹಪ್ಪಳ ಅರ್ಧ ಒಣಗಿತ್ತು. ಕಟ್ಟಿಗೆ ಅಂಗಳದಲ್ಲೇ ಇತ್ತು. ಹಂಚು ಕೈಯಾಡಿಸುವ ಆಳು ನಾಳೆ ಬರುತ್ತೇನೆಂದವನು ಫೋನು ತೆಗೆಯಲಿಲ್ಲ. ಬೈತಖೋಲ ಬಂದರಿನಲ್ಲಿ ಇನ್ನೊಂದು ವಾರದ ದುಡಿಮೆ ಎಣಿಸಿದ್ದ ದೋಣಿಗಳು ಒತ್ತೊತ್ತಾಗಿ ಲಂಗರು ಹಾಕಿದವು. ಟಾಗೋರ್ ದಂಡೆಯಲ್ಲಿ ಕಡಲು ಮಣ್ಣಿನ ಬಣ್ಣಕ್ಕೆ ತಿರುಗಿತು. ಶಾಲೆ ತೆರೆಯಲು ಇನ್ನೂ ನಾಲ್ಕೈದು ದಿನವಿತ್ತು. ತಮ್ಮ ರಜೆಯನ್ನು ಯಾರೋ ಕದ್ದರೆಂಬ ಮುಖ ಮಾಡಿಕೊಂಡು ಮಕ್ಕಳು ಜಗಲಿಯಲ್ಲಿ ಕೂತವರು, ಹನಿ ದಪ್ಪವಾದದ್ದೇ ಎಲ್ಲ ಮರೆತು ಅಂಗಳಕ್ಕೆ ಹಾರಿದರು. ಹಿರಿಯರು ಬೈದರು, ಹಪ್ಪಳ ಒಳಗೆ ತಂದರು. ಆಮೇಲೆ ತಾವೂ ಬಾಗಿಲಲ್ಲಿ ನಿಂತು ಮೊದಲ ಮಳೆ ನೋಡಿದರು. ಅಷ್ಟು ದಿನ ಅವಸರ ಪಟ್ಟ ಯಾರ ಮುಖದಲ್ಲೂ ಬೇಸರ ಕಾಣಲಿಲ್ಲ.

ಹೊರಡುವ ದಿನ ಅಂಕೋಲೆಯಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಹೊರಗೆ ಪ್ಲಾಸ್ಟಿಕ್ ಹಾಳೆ ಹೊದ್ದು ಕೂತ ಅಜ್ಜಿಯ ಬುಟ್ಟಿಯಲ್ಲಿ ಕೊನೆಯ ಇಶಾಡುಗಳಿದ್ದವು. ಮಳೆ ಬಿದ್ದ ಮೇಲೆ ಹಣ್ಣಿನ ರುಚಿ ಕೆಡುತ್ತದೆಂದು ಅವಳೇ ರೇಟು ಇಳಿಸಿದ್ದಳು. ಅಷ್ಟರಲ್ಲಿ ಅಕ್ಕನ ನೆರೆಮನೆಯ ಅತ್ತೆ ಕೊಡೆ ಹಿಡಿದು ಎದುರಾದರು.

‘ಕಾರವಾರದಲ್ಲಿ ಬಲೆ ಎಳದ್ರಂತೆ? ಕೈ ಸುಲೀತಂತೆ? ತಾರ್ಲೆ ಹೊತ್ಕೊಂಡು ಬೀದಿಯಲ್ಲಿ ಬಂದ್ರಂತೆ?’

ಹೇಗೆ ಗೊತ್ತು ಎಂದು ಕೇಳುವ ಮೊದಲೇ ಅವರು ಅಜ್ಜಿಯ ಕಡೆ ತಿರುಗಿ ನನ್ನ ಸುದ್ದಿಯನ್ನು ಮೊದಲಿನಿಂದ ಹೇಳತೊಡಗಿದ್ದರು. ಹೇಳುತ್ತ ಹೇಳುತ್ತ ಆ ಒಂದು ಹಿಡಿ ತಾರ್ಲೆ ಒಂದು ಬುಟ್ಟಿಯಾಯಿತು.